ಸಾವಿರದಲ್ಲಿ ಹದಿನೆಂಟು: ಡಲ್ಲಾಸ್‌ಗೆ ಒಲಿದ ಲಾಟರಿಯ ಲೆಕ್ಕ

2025ರ ಏಪ್ರಿಲ್ 18ರ ರಾತ್ರಿ ಮೆಂಫಿಸ್ ನಗರದಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಸೋತಿತು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಅಂತಿಮ ಸುತ್ತುಗಳು) ಪ್ರವೇಶಿಸಲು ಉಳಿದಿದ್ದ ಕೊನೆಯ ಅವಕಾಶ ಅದಾಗಿತ್ತು. ಗೆದ್ದಿದ್ದರೆ ಎಂಟನೇ ಸ್ಥಾನದ ತಂಡವಾಗಿ ಪ್ಲೇಆಫ್‌ಗೆ ಹೋಗುತ್ತಿತ್ತು, ಬಹುಶಃ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿತ್ತು. ಸೋತದ್ದರಿಂದ ಹೊಸ ಆಟಗಾರರ ಆಯ್ಕೆಯ ಕ್ರಮವನ್ನು ನಿರ್ಧರಿಸುವ ಲಾಟರಿಯ ಪಟ್ಟಿಗೆ ಸೇರಿತು. ಇಪ್ಪತ್ನಾಲ್ಕು ದಿನಗಳ ನಂತರ, ಮೇ 12ರಂದು, ಶಿಕಾಗೊದಲ್ಲಿ ಯಂತ್ರದಿಂದ ಹೊರಬಂದ ನಾಲ್ಕು ಚೆಂಡುಗಳ ಸಂಖ್ಯೆ ಡಲ್ಲಾಸ್‌ನದ್ದಾಗಿತ್ತು. ಮೊದಲ ಆಯ್ಕೆ ಸಿಗುವ ಸಾಧ್ಯತೆ ಆ ತಂಡಕ್ಕೆ ಇದ್ದದ್ದು ಕೇವಲ ಶೇ 1.8. ಡ್ಯೂಕ್ ವಿಶ್ವವಿದ್ಯಾಲಯದ ಪರ ಆಡಿದ್ದ ಹದಿನೆಂಟರ ಹುಡುಗ ಕೂಪರ್ ಫ್ಲ್ಯಾಗ್ ಜೂನ್ ಕೊನೆಯಲ್ಲಿ ಡಲ್ಲಾಸ್ ಆಟಗಾರನಾದ.

ಅದೇ ವರ್ಷದ ಫೆಬ್ರುವರಿಯಲ್ಲಿ ಈ ತಂಡ ತನ್ನ ಕಣ್ಮಣಿ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಬಿಟ್ಟುಕೊಟ್ಟು ಆ್ಯಂಟನಿ ಡೇವಿಸ್‌ನನ್ನು ತಂದುಕೊಂಡಿತ್ತು. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ವರೆಗೆ ಕರೆದೊಯ್ದಿದ್ದ ಇಪ್ಪತ್ತೈದರ ಆಟಗಾರನನ್ನು ಕಳಿಸಿಕೊಟ್ಟದ್ದನ್ನು ಅಭಿಮಾನಿಗಳು ಸಹಿಸಲಿಲ್ಲ. ಡೇವಿಸ್ ಡಲ್ಲಾಸ್ ಪರ ಆಡಿದ ಮೊದಲ ಪಂದ್ಯದಲ್ಲೇ ಗಾಯಗೊಂಡ. ಮಾರ್ಚ್‌ನಲ್ಲಿ ಕೈರಿ ಅರ್ವಿಂಗ್‌ನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಇಷ್ಟೆಲ್ಲ ಸಂಕಟದ ನಂತರ ಬಂದ ಲಾಟರಿ ಗೆಲುವನ್ನು ಒಂದು ಗುಂಪು ಪವಾಡವೆಂದಿತು, ಇನ್ನೊಂದು ಗುಂಪು ಮೋಸವೆಂದಿತು. ಎರಡೂ ಮಾತುಗಳು ಒಂದೇ ತಪ್ಪು ಎಣಿಕೆಯಿಂದ ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಡಲ್ಲಾಸ್‌ಗೆ ಅದು ಅಪರೂಪದ ಗೆಲುವು ನಿಜ. ಆದರೆ ಇಂಥದ್ದೊಂದು ಗೆಲುವು ಯಾವುದೋ ಒಂದು ತಂಡಕ್ಕೆ ಆಗಾಗ ಒದಗಬೇಕೆಂದೇ ಆಗಿನ ನಿಯಮವನ್ನು ರೂಪಿಸಲಾಗಿತ್ತು.

ಐಪಿಎಲ್ ನೋಡಿ ಬೆಳೆದ ನಮಗೆ ಡ್ರಾಫ್ಟ್ ಪದ್ಧತಿ ಸ್ವಲ್ಪ ಅಪರಿಚಿತ. ಅಲ್ಲಿ ಪ್ರತಿ ತಂಡಕ್ಕೂ ಒಂದೇ ಮಿತಿಯ ಹಣ, ಬೇಕಾದ ಆಟಗಾರನಿಗೆ ಹರಾಜಿನಲ್ಲಿ ಕೂಗಿ ಕೊಳ್ಳಬೇಕು. ಎನ್‌ಬಿಎಯಲ್ಲಿ ಹೊಸದಾಗಿ ಬರುವ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಆಟಗಾರನಿಗೆ ತಂಡದ ಆಯ್ಕೆ ಇಲ್ಲ. ಸೋತು ಸುಣ್ಣವಾದ ತಂಡಕ್ಕೆ ಸರದಿಯಲ್ಲಿ ಮುಂದಿನ ಜಾಗ ಕೊಟ್ಟರೆ ಅದು ಮತ್ತೆ ತಲೆ ಎತ್ತೀತು ಎಂಬುದು ಮೂಲ ಆಶಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದ ಮೇಲಿರುವವರು ಐವರೇ ಆದ್ದರಿಂದ ಒಬ್ಬ ಅಸಾಧಾರಣ ಆಟಗಾರ ಇಡೀ ತಂಡದ ಹಣೆಬರಹವನ್ನು ಬದಲಿಸಬಲ್ಲ. ಹಾಗಾಗಿ ಮೊದಲ ಸರದಿಗೂ ಐದನೆಯದಕ್ಕೂ ನಡುವಿನ ಅಂತರ ದೊಡ್ಡದು. (ನಮ್ಮಲ್ಲಿ ಡ್ರಾಫ್ಟ್ ಸುದ್ದಿಯಾದದ್ದು 2015ರಲ್ಲಿ, ಪಂಜಾಬಿನ ಸತ್ನಾಮ್ ಸಿಂಗ್ 52ನೇ ಆಯ್ಕೆಯಾಗಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಸ್ಥಾನ ಪಡೆದ ಮೊದಲ ಭಾರತೀಯನಾದಾಗ. ಆತನನ್ನು ಆರಿಸಿದ್ದೂ ಡಲ್ಲಾಸ್ ತಂಡವೇ.)

ಸೋತವರಿಗೆ ಬಹುಮಾನ ಎಂದಮೇಲೆ ಬೇಕೆಂದೇ ಸೋಲುವವರೂ ಹುಟ್ಟಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ಟ್ಯಾಂಕಿಂಗ್ ಎಂಬ ಹೆಸರೇ ಇದೆ. 1984ರವರೆಗೆ ಪೂರ್ವ ಮತ್ತು ಪಶ್ಚಿಮ ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಆಯ್ಕೆಯನ್ನು ನಿರ್ಧರಿಸುತ್ತಿದ್ದರು. ಆ ವರ್ಷ ಹ್ಯೂಸ್ಟನ್ ಬೇಕೆಂದೇ ಸೋತಿತೆಂಬ ಗುಮಾನಿ ದಟ್ಟವಾಯಿತು. 1985ರಲ್ಲಿ ಪ್ಲೇಆಫ್ ತಲುಪದ ಏಳು ತಂಡಗಳ ಹೆಸರನ್ನು ಲಕೋಟೆಗಳಲ್ಲಿಟ್ಟು, ಎಲ್ಲರಿಗೂ ಸಮಾನ ಅವಕಾಶ ಕೊಟ್ಟು ಮೊದಲ ಲಾಟರಿ ನಡೆಸಲಾಯಿತು. ನ್ಯೂಯಾರ್ಕ್‌ಗೆ ಪ್ಯಾಟ್ರಿಕ್ ಯೂಯಿಂಗ್ ಸಿಕ್ಕ. ಆ ಲಕೋಟೆಯನ್ನು ಮೊದಲೇ ಶೀತಲಗೊಳಿಸಿ ಗುರುತು ಮಾಡಿದ್ದರು ಎಂಬ ಕಥೆ ಅಂದೇ ಹುಟ್ಟಿ ಇಂದಿಗೂ ಜೀವಂತವಾಗಿದೆ. 1990ರಲ್ಲಿ ತೂಕದ ಪದ್ಧತಿ ಬಂತು: ಹನ್ನೊಂದು ತಂಡಗಳು, 66 ಚೆಂಡುಗಳು, ಅತಿ ದುರ್ಬಲ ತಂಡಕ್ಕೆ ಹನ್ನೊಂದು, ಅತಿ ಬಲಿಷ್ಠಕ್ಕೆ ಒಂದು.

1993ರಲ್ಲಿ ಆ ಒಂದೇ ಚೆಂಡು ಹೊರಬಂತು. ಒರ್ಲಾಂಡೊ ಮ್ಯಾಜಿಕ್ 41 ಗೆದ್ದು 41 ಸೋತಿತ್ತು, ಅಷ್ಟೇ ಗೆಲುವುಗಳಿದ್ದ ಇಂಡಿಯಾನಾ ಮುಂದೆ ಕೂದಲೆಳೆಯಲ್ಲಿ ಪ್ಲೇಆಫ್ ಕಳೆದುಕೊಂಡಿತ್ತು. ಹಿಂದಿನ ವರ್ಷವಷ್ಟೇ ಲಾಟರಿ ಗೆದ್ದು ಶಕೀಲ್ ಓನೀಲ್‌ನನ್ನು ಪಡೆದಿದ್ದ ತಂಡವದು. ಈಗ ಶೇ 1.5ರ ಅವಕಾಶದಲ್ಲಿ ಮತ್ತೆ ಗೆದ್ದಿತು. ಆ ವರ್ಷ 82 ಪಂದ್ಯಗಳಲ್ಲಿ 11 ಮಾತ್ರ ಗೆದ್ದು, ಹನ್ನೊಂದು ಚೆಂಡುಗಳನ್ನು ಕೈಯಲ್ಲಿಟ್ಟುಕೊಂಡು ಕಾದಿದ್ದ ತಂಡ ನಾಲ್ಕನೇ ಸ್ಥಾನಕ್ಕೆ ಕುಸಿಯಿತು. ಆ ನತದೃಷ್ಟ ತಂಡದ ಹೆಸರು ಡಲ್ಲಾಸ್ ಮ್ಯಾವರಿಕ್ಸ್. ಮರುವರ್ಷ 13 ಪಂದ್ಯ ಗೆದ್ದು ಮತ್ತೆ ಕೊನೆಯ ಸ್ಥಾನದಲ್ಲಿ ನಿಂತಾಗಲೂ ಅದಕ್ಕೆ ಸಿಕ್ಕಿದ್ದು ಎರಡನೇ ಆಯ್ಕೆ.

ಒರ್ಲಾಂಡೊ ಪ್ರಸಂಗದ ನಂತರ, 2025ರಲ್ಲೂ ಬಳಕೆಯಲ್ಲಿದ್ದ ಯಂತ್ರದ ವಿಧಾನ ಬಂತು. 1ರಿಂದ 14ರವರೆಗೆ ಸಂಖ್ಯೆ ಬರೆದ ಹದಿನಾಲ್ಕು ಚೆಂಡುಗಳು, ಅವುಗಳಿಂದ ನಾಲ್ಕನ್ನು ತೆಗೆಯುತ್ತಾರೆ. ಯಾವುದು ಮೊದಲು ಬಂತೆಂಬುದು ಮುಖ್ಯವಲ್ಲ. ಹದಿನಾಲ್ಕರಲ್ಲಿ ನಾಲ್ಕನ್ನು ಆರಿಸಲು 1,001 ದಾರಿಗಳಿವೆ. ಒಂದನ್ನು ಕೈಬಿಟ್ಟು, ಉಳಿದ ಸಾವಿರ ಗುಂಪುಗಳನ್ನು ತಂಡಗಳ ಸೋಲಿನ ಪ್ರಮಾಣಕ್ಕೆ ತಕ್ಕಂತೆ ಮೊದಲೇ ಹಂಚಿ ಪಟ್ಟಿ ಮಾಡಿರುತ್ತಾರೆ. ಮೊದಲ ಸ್ಥಾನ ತೀರ್ಮಾನವಾದ ಮೇಲೆ ಚೆಂಡುಗಳನ್ನು ಮತ್ತೆ ಯಂತ್ರಕ್ಕೆ ಹಾಕಿ ಎರಡನೇ ಸ್ಥಾನಕ್ಕೆ ತೆಗೆಯುತ್ತಾರೆ. ಈಗಾಗಲೇ ಗೆದ್ದ ತಂಡದ ಸಂಖ್ಯೆಯೇ ಬಂದರೆ ಅದನ್ನು ಬಿಟ್ಟು ಮತ್ತೊಮ್ಮೆ ತೆಗೆಯುತ್ತಾರೆ. 2025ರಲ್ಲಿ ಮೊದಲ ನಾಲ್ಕು ಸ್ಥಾನಗಳು ಹೀಗೆ ನಿರ್ಧಾರವಾದವು, ಐದರಿಂದ ಮುಂದೆ ಹೆಚ್ಚು ಸೋತವರಿಗೆ ಮೊದಲ ಮಣೆ.

ಡಲ್ಲಾಸ್‌ನ ಶೇ 1.8 ಎಂಬ ಸಂಖ್ಯೆ ಬಂದ ಬಗೆ ಇನ್ನೂ ಸ್ವಾರಸ್ಯಕರ. ಆ ವರ್ಷ ಡಲ್ಲಾಸ್ ಮತ್ತು ಶಿಕಾಗೊ ಎರಡೂ 39 ಗೆದ್ದು 43 ಸೋತಿದ್ದವು. ಕೆಳಗಿನಿಂದ ಹನ್ನೊಂದನೆಯ ಸ್ಥಾನಕ್ಕೆ 20 ಗುಂಪುಗಳು, ಹನ್ನೆರಡನೆಯದಕ್ಕೆ 15. ಸಮಬಲವಾದಾಗ ಕೂಡಿಸಿ ಹಂಚಬೇಕು: ಒಟ್ಟು 35, ತಲಾ ಹದಿನೇಳೂವರೆ. ಅರ್ಧ ಗುಂಪು ಎಂಬುದು ಇಲ್ಲವಾದ್ದರಿಂದ ಒಬ್ಬರಿಗೆ 18, ಇನ್ನೊಬ್ಬರಿಗೆ 17. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೆ ಸಮನಾದ ಮತ ಬಂದಾಗ ಚೀಟಿ ಎತ್ತಿ ತೀರ್ಮಾನಿಸುವಂತೆ ಅಲ್ಲೂ ಅದೃಷ್ಟದ ಆಯ್ಕೆ ನಡೆದು ಹದಿನೆಂಟು ಗುಂಪುಗಳು ಡಲ್ಲಾಸ್ ಪಾಲಾದವು. ಲಾಟರಿಗೆ ಮುನ್ನವೇ ಒಂದು ಪುಟ್ಟ ಲಾಟರಿಯನ್ನು ಅದು ಗೆದ್ದಿತ್ತು.

ಇನ್ನು ಮುಖ್ಯ ಲೆಕ್ಕಕ್ಕೆ ಬರೋಣ. 2018ರವರೆಗೆ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆಯ ಸಾಧ್ಯತೆ ಶೇ 25 ಇತ್ತು. ಕೊನೆಯ ಮೂರು ತಂಡಗಳನ್ನು ಸೇರಿಸಿದರೆ ಶೇ 60ಕ್ಕೂ ಹೆಚ್ಚು. ಫಿಲಡೆಲ್ಫಿಯಾ ತಂಡ 2013ರಿಂದ ಮೂರು ವರ್ಷ ಬಹಿರಂಗವಾಗಿ ಸೋಲಿನ ಹಾದಿ ಹಿಡಿದು, 2015–16ರಲ್ಲಿ 82ರಲ್ಲಿ 10 ಪಂದ್ಯ ಮಾತ್ರ ಗೆದ್ದಿತು. ಲೀಗ್ ಬೇಸತ್ತಿತು. 2017ರ ಸೆಪ್ಟೆಂಬರ್‌ನಲ್ಲಿ ತಂಡಗಳ ಮಂಡಳಿ ನಿಯಮ ಬದಲಿಸಿತು, 2019ರಿಂದ ಅದು ಜಾರಿಗೆ ಬಂತು. ಕೊನೆಯ ಮೂರು ತಂಡಗಳಿಗೆ ತಲಾ ಶೇ 14 ಮಾತ್ರ. ಅವರಿಂದ ಕಿತ್ತ ಪಾಲು ಮೇಲಿನವರಿಗೆ ಹೋಯಿತು.

ಪ್ಲೇಆಫ್ ತಪ್ಪಿಸಿಕೊಂಡ ಹದಿನಾಲ್ಕು ತಂಡಗಳಲ್ಲಿ ಕೆಳಗಿನಿಂದ ಏಳನೆಯದರಿಂದ ಹದಿನಾಲ್ಕನೆಯದರವರೆಗೆ ಎಂಟು ತಂಡಗಳನ್ನು ತೆಗೆದುಕೊಳ್ಳಿ. ಇವು ತೀರಾ ದುರ್ಬಲವಲ್ಲ, ಕೆಲವು ಸಾಕಷ್ಟು ಒಳ್ಳೆಯ ತಂಡಗಳೇ. ಹಳೆಯ ನಿಯಮದಲ್ಲಿ ಈ ಎಂಟರ ಒಟ್ಟು ಪಾಲು ಶೇ 12.5. ಹೊಸ ನಿಯಮದಲ್ಲಿ ಶೇ 26. ಅಂದರೆ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಮೊದಲ ಆಯ್ಕೆ ಈ ಗುಂಪಿನ ಯಾರಿಗಾದರೂ ಹೋಗಬೇಕೆಂದೇ ಲೀಗ್ ಬರೆದಿಟ್ಟಿತ್ತು. ಹನ್ನೊಂದನೆಯ ತಂಡಕ್ಕೆ ಮೊದಲಿದ್ದ ಶೇ 0.8 ಹೊಸದರಲ್ಲಿ ಶೇ 2 ಆಯಿತು. ಡಲ್ಲಾಸ್‌ಗೆ ಹಳೆಯ ನಿಯಮದಲ್ಲಿ ಏಳೋ ಎಂಟೋ ಗುಂಪುಗಳು ಸಿಗುತ್ತಿದ್ದವು, ಹೊಸದರಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಸಿಕ್ಕವು.

2019ರಿಂದ 2025ರವರೆಗೆ ಏಳು ಲಾಟರಿಗಳು ನಡೆದಿವೆ. ಮೂರರಲ್ಲಿ ಆ ಎಂಟರ ಗುಂಪಿನ ತಂಡ ಗೆದ್ದಿದೆ: 2019ರಲ್ಲಿ ಶೇ 6ರ ನ್ಯೂ ಆರ್ಲಿಯನ್ಸ್, 2024ರಲ್ಲಿ ಶೇ 3ರ ಅಟ್ಲಾಂಟಾ, 2025ರಲ್ಲಿ ಡಲ್ಲಾಸ್. ಏಳರಲ್ಲಿ ಮೂರು ಅಥವಾ ಹೆಚ್ಚು ಬಾರಿ ಹೀಗಾಗುವ ಸಾಧ್ಯತೆಯನ್ನು ನಾನೇ ಲೆಕ್ಕ ಹಾಕಿ ನೋಡಿದೆ. ಸುಮಾರು ಶೇ 26 ಬಂತು. ಈ ಏಳು ವರ್ಷಗಳಲ್ಲಿ ಅತಿ ಹೆಚ್ಚು ಸೋತ ತಂಡ ಒಮ್ಮೆಯೂ ಮೊದಲ ಆಯ್ಕೆ ಪಡೆದಿಲ್ಲ ಎಂಬುದನ್ನು ಮೋಸದ ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ಶೇ 14ರ ಅವಕಾಶ ಸತತ ಏಳು ಸಲ ಕೈಕೊಡುವ ಸಾಧ್ಯತೆ ಶೇ 35ರ ಆಸುಪಾಸು. ಇವು ಹುಬ್ಬೇರಿಸುವಂಥ ಸಂಖ್ಯೆಗಳಲ್ಲ. ನಾವು ಡಲ್ಲಾಸ್ ಒಂದರ ಶೇ 1.8ನ್ನು ಮಾತ್ರ ಕಣ್ಣಿಗೊತ್ತಿಕೊಂಡು, ಅದರ ಪಕ್ಕದಲ್ಲಿ ಸಾಲಾಗಿ ನಿಂತ ಇತರ ಸಣ್ಣ ಸಣ್ಣ ಪಾಲುಗಳನ್ನು ಕೂಡಿಸುವುದನ್ನು ಮರೆಯುತ್ತೇವೆ. ಹನಿಗೂಡಿದರೆ ಹಳ್ಳ ಎಂಬುದು ಸಂಭಾವ್ಯತೆಗೂ ಸಲ್ಲುವ ಮಾತು. ತೂಕದ ಪದ್ಧತಿ ಬಂದ 1990ರಿಂದ 2025ರವರೆಗಿನ 36 ಲಾಟರಿಗಳಲ್ಲಿ ಶೇ 3 ಅಥವಾ ಅದಕ್ಕಿಂತ ಕಡಿಮೆ ಅವಕಾಶದ ಆಯ್ಕೆ ಗೆದ್ದದ್ದು ಆರು ಬಾರಿ. 1993ರ ಒರ್ಲಾಂಡೊ, 2024ರ ಅಟ್ಲಾಂಟಾ, 2025ರ ಡಲ್ಲಾಸ್ ಜೊತೆಗೆ 2008ರ ಶಿಕಾಗೊ, 2011 ಮತ್ತು 2014ರ ಕ್ಲೀವ್‌ಲ್ಯಾಂಡ್.

ಸಂಶಯದ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರ ಹಿಂದೆ ನೊಂದ ಅಭಿಮಾನಿಗಳಿದ್ದಾರೆ. ವಾದ ಹೀಗಿದೆ: ಲೀಗ್‌ಗೆ ಡಾನ್ಚಿಚ್ ಲಾಸ್ ಏಂಜಲೀಸ್‌ನಂಥ ದೊಡ್ಡ ಮಾರುಕಟ್ಟೆಗೆ ಬೇಕಿತ್ತು, ಅವನನ್ನು ಬಿಟ್ಟುಕೊಟ್ಟ ಡಲ್ಲಾಸ್‌ಗೆ ಪರಿಹಾರವಾಗಿ ಫ್ಲ್ಯಾಗ್ ಸಿಕ್ಕ. ಕೇಳಲು ಒಪ್ಪುವಂತಿದೆ. ಆದರೆ ಚೆಂಡು ತೆಗೆಯುವುದು ಮುಚ್ಚಿದ ಕೋಣೆಯಲ್ಲಾದರೂ ಅಲ್ಲಿ ಲಾಟರಿಯಲ್ಲಿರುವ ತಂಡಗಳ ಪ್ರತಿನಿಧಿಗಳು, ಸ್ವತಂತ್ರ ಲೆಕ್ಕಪರಿಶೋಧಕರು ಮತ್ತು ಕೆಲವು ಪತ್ರಕರ್ತರು ಕುಳಿತಿರುತ್ತಾರೆ. ಎಲ್ಲರ ಮೊಬೈಲ್‌ಗಳನ್ನು ಮೊದಲೇ ತೆಗೆದಿಟ್ಟಿರುತ್ತಾರೆ, ಟಿವಿಯಲ್ಲಿ ಫಲಿತಾಂಶ ಪ್ರಕಟವಾಗುವವರೆಗೆ ಯಾರೂ ಹೊರಹೋಗುವಂತಿಲ್ಲ. ಸೋಲುವ ಹದಿಮೂರು ತಂಡಗಳ ಕಣ್ಣೆದುರೇ ನಡೆಯುವ ಕೆಲಸವದು.

ಅದಕ್ಕಿಂತ ಮುಖ್ಯವಾದ ಉತ್ತರ ಬೇರೆ ಇದೆ. ಆ ರಾತ್ರಿ ಬೇರೆ ಯಾರು ಗೆದ್ದಿದ್ದರೂ ಕಥೆ ಸಿದ್ಧವಿತ್ತು. ಎರಡನೇ ಸ್ಥಾನ ಪಡೆದ ಸ್ಯಾನ್ ಆಂಟೋನಿಯೊ ಗೆದ್ದಿದ್ದರೆ, ವಿಕ್ಟರ್ ವೆಂಬನ್ಯಾಮಾನ ಜೊತೆಗೆ ಇನ್ನೊಬ್ಬ ತಾರೆಯನ್ನು ಸೇರಿಸಿ ಹೊಸ ಸಾಮ್ರಾಜ್ಯ ಕಟ್ಟಲು ಲೀಗ್ ಹೊರಟಿದೆ ಎನ್ನುತ್ತಿದ್ದರು. ಫಿಲಡೆಲ್ಫಿಯಾದ ಆಯ್ಕೆ ಮೊದಲ ಆರರಿಂದ ಕೆಳಗಿಳಿದರೆ ಹಿಂದಿನ ವಿನಿಮಯದ ಪ್ರಕಾರ ಒಕ್ಲಹೋಮ ಸಿಟಿಯ ಪಾಲಾಗುತ್ತಿತ್ತು, ಫಿಲಡೆಲ್ಫಿಯಾ ಗೆದ್ದಿದ್ದರೆ ದೊಡ್ಡ ನಗರವನ್ನು ಉಳಿಸಿದರು ಎನ್ನುತ್ತಿದ್ದರು. ಶಿಕಾಗೊ ಗೆದ್ದಿದ್ದರೆ ಮೈಕೆಲ್ ಜೋರ್ಡನ್‌ನ ಊರಿಗೆ ಮರುಜೀವ ಕೊಟ್ಟರು ಎಂಬ ಮಾತು ಬರುತ್ತಿತ್ತು. 2011ರಲ್ಲಿ, ಲೆಬ್ರಾನ್ ಜೇಮ್ಸ್ ತೊರೆದುಹೋದ ಮರುವರ್ಷವೇ ಕ್ಲೀವ್‌ಲ್ಯಾಂಡ್ ಗೆದ್ದಾಗ ಹಾಗೆಯೇ ಅಂದರು. ಆ ಗೆಲುವು ತಂದದ್ದು ಕ್ಲೀವ್‌ಲ್ಯಾಂಡ್‌ನ ಸ್ವಂತ ಆಯ್ಕೆಯಲ್ಲ, ಆಟಗಾರರ ವಿನಿಮಯದಲ್ಲಿ ಕ್ಲಿಪ್ಪರ್ಸ್ ತಂಡ ಬಿಟ್ಟುಕೊಟ್ಟಿದ್ದ ಶೇ 2.8ರ ಆಯ್ಕೆ. ಹದಿನಾಲ್ಕು ತಂಡಗಳಿಗೂ ಒಂದೊಂದು ಕಾರಣ ಹೊಂದಿಸಬಹುದಾದರೆ ಆ ಕಾರಣ ಯಾವುದನ್ನೂ ಸಾಬೀತುಪಡಿಸುವುದಿಲ್ಲ.

ಇನ್ನು ಡಲ್ಲಾಸ್‌ನ ಹಳೆಯ ಲೆಕ್ಕಪುಸ್ತಕ ತೆರೆದರೆ ಆಕಸ್ಮಿಕ ಎಷ್ಟು ನಿರ್ಲಿಪ್ತ ಎಂಬುದು ಗೊತ್ತಾಗುತ್ತದೆ. 2019ರಲ್ಲಿ ನ್ಯೂ ಆರ್ಲಿಯನ್ಸ್, ಮೆಂಫಿಸ್, ಡಲ್ಲಾಸ್ ಮೂರೂ 33 ಗೆದ್ದು 49 ಸೋತು ಸಮಬಲದಲ್ಲಿದ್ದವು, ಮೂವರಿಗೂ ಅದೇ ಶೇ 6. ನ್ಯೂ ಆರ್ಲಿಯನ್ಸ್ ಮೊದಲ ಸ್ಥಾನಕ್ಕೆ ಹಾರಿ ಝಯಾನ್ ವಿಲಿಯಮ್ಸನ್‌ನನ್ನು ಪಡೆಯಿತು, ಮೆಂಫಿಸ್ ಎರಡನೆಯದಕ್ಕೆ ಹಾರಿ ಜಾ ಮೊರಾಂಟ್‌ನನ್ನು ಪಡೆಯಿತು. ಡಲ್ಲಾಸ್ ಹತ್ತಕ್ಕೆ ಇಳಿಯಿತು. ಆ ಹತ್ತನೇ ಆಯ್ಕೆಯೂ ಅದಕ್ಕೆ ದಕ್ಕಲಿಲ್ಲ, ಡಾನ್ಚಿಚ್‌ನನ್ನು ಪಡೆದ ಒಪ್ಪಂದದ ಪ್ರಕಾರ ಅಟ್ಲಾಂಟಾಕ್ಕೆ ಹೋಯಿತು.

ಈ ತಂಡ ಸೋಲಿನ ಲಾಭದ ಲೆಕ್ಕ ಹಾಕದೆ ಇದ್ದದ್ದೂ ಅಲ್ಲ. 2018ರಲ್ಲಿ ಆಗಿನ ಮಾಲೀಕ ಮಾರ್ಕ್ ಕ್ಯೂಬನ್, ಸೋಲುವುದೇ ಈಗ ನಮಗೆ ಒಳ್ಳೆಯದೆಂದು ಆಟಗಾರರಿಗೆ ಹೇಳಿದ್ದಾಗಿ ಬಾಯಿಬಿಟ್ಟು ಆರು ಲಕ್ಷ ಡಾಲರ್ ದಂಡ ತೆತ್ತರು. 2023ರ ಏಪ್ರಿಲ್‌ನಲ್ಲಿ, ಮೊದಲ ಹತ್ತರೊಳಗಿನ ಆಯ್ಕೆಯನ್ನು ಉಳಿಸಿಕೊಳ್ಳಲೆಂದು ಮುಖ್ಯ ಆಟಗಾರರನ್ನು ಕೂರಿಸಿದ್ದಕ್ಕೆ ತಂಡಕ್ಕೆ ಏಳೂವರೆ ಲಕ್ಷ ಡಾಲರ್ ದಂಡ ಬಿತ್ತು. ಆದರೆ 2025ರಲ್ಲಿ ಅದು ಸೋಲಲು ಆಡಲಿಲ್ಲ. ಗಾಯಾಳುಗಳ ನಡುವೆಯೂ ಪ್ಲೇಆಫ್‌ನ ಕೊನೆಯ ಸ್ಥಾನಗಳಿಗಾಗಿ ನಡೆಯುವ ಪ್ಲೇ-ಇನ್ ಹಂತದಲ್ಲಿ ಸ್ಯಾಕ್ರಮೆಂಟೊವನ್ನು ಸೋಲಿಸಿ, ಮೆಂಫಿಸ್‌ಗೆ ಹೋಗಿ ಕೊನೆಯವರೆಗೂ ಗೆಲ್ಲಲೆಂದೇ ಆಡಿತು. ಹುಡುಕಿಕೊಂಡು ಹೋದಾಗ ಸಿಗದ ಅದೃಷ್ಟ, ಬೆನ್ನು ತಿರುಗಿಸಿದಾಗ ಬಂತು. 2017ರಲ್ಲಿ ನಿಯಮ ಬದಲಿಸುವ ಮತದಾನ ನಡೆದಾಗ 28 ತಂಡಗಳು ಪರ, ಒಕ್ಲಹೋಮ ಸಿಟಿ ವಿರುದ್ಧ, ಒಂದು ತಂಡ ತಟಸ್ಥ. ತಟಸ್ಥವಾಗಿದ್ದದ್ದು ಡಲ್ಲಾಸ್.

ಹಾಗಾದರೆ ಮೋಸವಿಲ್ಲ, ದೂರೂ ಇಲ್ಲವೇ? ಇದೆ. 2025ರಲ್ಲಿ ಅತಿ ಹೆಚ್ಚು ಸೋತ ಯೂಟಾ 17 ಪಂದ್ಯ ಗೆದ್ದು ಲಾಟರಿಗೆ ಬಂತು, ಐದನೇ ಸ್ಥಾನಕ್ಕೆ ಬಿತ್ತು. ಅದಕ್ಕಿಂತ ಕೆಳಗೆ ಬೀಳಲು ನಿಯಮದಲ್ಲೇ ಅವಕಾಶವಿರಲಿಲ್ಲ. 18 ಗೆದ್ದ ವಾಷಿಂಗ್ಟನ್ ಆರಕ್ಕೆ ಬಿತ್ತು. 2023, 2024, 2025 ಮೂರೂ ವರ್ಷ ಅತಿ ಹೆಚ್ಚು ಸೋತ ತಂಡ ಐದನೆಯದಾಯಿತು, ಮೊದಲ ಎರಡು ಬಾರಿ ಅದು ಡೆಟ್ರಾಯಿಟ್. ಕೊನೆಯ ತಂಡ ಐದಕ್ಕೆ ಬೀಳುವ ಸಾಧ್ಯತೆಯೇ ಶೇ 47.9 ಇದ್ದುದರಿಂದ ಮೂರು ಸಲ ಸತತವಾಗಿ ಹೀಗಾಗುವುದು ಸುಮಾರು ಒಂಬತ್ತರಲ್ಲಿ ಒಂದು ಸಾಧ್ಯತೆ, ಗಣಿತಕ್ಕೆ ಅದು ದೊಡ್ಡ ಸಂಗತಿಯಲ್ಲ. ಆದರೆ ಡೆಟ್ರಾಯಿಟ್‌ನವರು 2023–24ರಲ್ಲಿ ಸತತ 28 ಸೋಲುಗಳನ್ನು ಕಂಡಿದ್ದರು, ಟಿಕೆಟ್ ಕೊಂಡು ಬಂದು ಕೂತು ನೋಡಿದ್ದರು. ದೀರ್ಘಾವಧಿಯಲ್ಲಿ ಎಲ್ಲ ಸರಿಹೋಗುತ್ತದೆ ಎಂಬ ಸಂಭಾವ್ಯತೆಯ ಭರವಸೆ ಅಭಿಮಾನಿಯ ಆಯುಷ್ಯದ ಅಳತೆಗೆ ಹೊಂದುವಂಥದ್ದಲ್ಲ. 1993ರ ಡಲ್ಲಾಸ್‌ಗೆ ಆದ ನಷ್ಟ 2025ರಲ್ಲಿ ತುಂಬಿತೆಂದರೆ ಅಂದು ಆಟ ನೋಡುತ್ತಿದ್ದ ಎಷ್ಟು ಮಂದಿಗೆ ಅದು ಸಮಾಧಾನ?

ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಸೋಲಿನ ಆಸೆಯನ್ನು ತಗ್ಗಿಸಲು ಲೀಗ್ ಅವಕಾಶವನ್ನು ತೆಳ್ಳಗೆ ಹರಡಿತು. ಕೊನೆಯ ಸ್ಥಾನಕ್ಕಾಗಿ ಪೈಪೋಟಿ ನಡೆಸುವ ಅಗತ್ಯ ಕಡಿಮೆಯಾಯಿತು, ಏಕೆಂದರೆ ಕೊನೆಯ ಮೂವರದ್ದೂ ಒಂದೇ ಪಾಲು. ಆದರೆ ಕೆಳಗಿನ ಮೂವರಲ್ಲಿ ಒಬ್ಬರಾಗುವ ಆಸೆ ಹಾಗೆಯೇ ಉಳಿಯಿತು, ಮೇಲಾಗಿ ಮಧ್ಯದ ತಂಡಗಳಿಗೂ ಲಾಟರಿಯ ರುಚಿ ಹತ್ತಿತು. ನಾನು ಲೀಗ್‌ನಲ್ಲಿದ್ದಿದ್ದರೆ ಮೊದಲು ಪ್ಲೇ-ಇನ್ ತಲುಪಿದ ತಂಡಗಳ ಪಾಲನ್ನು ಕಡಿಮೆ ಮಾಡಿ, ಕೆಳಗಿನ ಐದಾರು ತಂಡಗಳಿಗೆ ಸಮನಾಗಿ ಹಂಚುತ್ತಿದ್ದೆ. ಬೇರೆ ದಾರಿಗಳೂ ಇವೆ. ಉತ್ತರ ಅಮೆರಿಕದ ಮಹಿಳಾ ವೃತ್ತಿಪರ ಐಸ್ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್‌ನಲ್ಲಿ, ಪ್ಲೇಆಫ್ ಆಸೆ ಮುಗಿದ ಮೇಲೆ ಗಳಿಸುವ ಅಂಕಗಳ ಆಧಾರದಲ್ಲಿ ಆಯ್ಕೆಯ ಸರದಿ ಸಿಗುತ್ತದೆ. ಬೇಗ ಹೊರಬಿದ್ದ ದುರ್ಬಲ ತಂಡಕ್ಕೆ ಅಂಕ ಗಳಿಸಲು ಹೆಚ್ಚು ಪಂದ್ಯಗಳು ಉಳಿದಿರುತ್ತವೆ, ಆದರೆ ಅದು ಗೆಲ್ಲಲೇಬೇಕು. ಸೋಲಿಗೆ ಬಹುಮಾನ ಕೊಡದೆಯೂ ಸೋತವರನ್ನು ಮೇಲೆತ್ತುವ ಈ ಉಪಾಯ ನನಗೆ ತುಂಬ ಹಿಡಿಸಿದೆ.

ಮೊದಲ ಆಯ್ಕೆ ಸಿಕ್ಕ ಮಾತ್ರಕ್ಕೆ ದಿನಗಳು ಬದಲಾಗುತ್ತವೆಂದೂ ಅಲ್ಲ. ಒರ್ಲಾಂಡೊ 1993ರಲ್ಲಿ ಆರಿಸಿದ ಕ್ರಿಸ್ ವೆಬರ್‌ನನ್ನು ಅದೇ ದಿನ ಪೆನ್ನಿ ಹಾರ್ಡವೇಗಾಗಿ ಬಿಟ್ಟುಕೊಟ್ಟು 1995ರಲ್ಲಿ ಫೈನಲ್ ತಲುಪಿತು. ಮರುವರ್ಷ ಓನೀಲ್ ತಂಡ ತೊರೆದ. 2008ರಲ್ಲಿ ಶಿಕಾಗೊ ಆರಿಸಿದ ಡೆರಿಕ್ ರೋಸ್ 22ನೇ ವಯಸ್ಸಿಗೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ ಅತ್ಯಂತ ಕಿರಿಯನಾಗಿ, ಮರುವರ್ಷ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. 2014ರಲ್ಲಿ ಕ್ಲೀವ್‌ಲ್ಯಾಂಡ್ ಆರಿಸಿದ ಆ್ಯಂಡ್ರೂ ವಿಗಿನ್ಸ್ ಆ ತಂಡದ ಪರ ಲೀಗ್‌ನ ಒಂದು ಪಂದ್ಯವನ್ನೂ ಆಡದೆ ಮಿನೆಸೋಟಾಕ್ಕೆ ಹೋದ. ಎರಡು ಬಾರಿ ಐದನೇ ಸ್ಥಾನಕ್ಕೆ ಬಿದ್ದ ಡೆಟ್ರಾಯಿಟ್ ಮಾತ್ರ 14 ಗೆಲುವುಗಳಿಂದ ಒಂದೇ ವರ್ಷದಲ್ಲಿ 44ಕ್ಕೆ ಏರಿ ಪ್ಲೇಆಫ್ ಆಡಿತು.

ಡಲ್ಲಾಸ್‌ನಲ್ಲಿ ಫ್ಲ್ಯಾಗ್ ಬಂದ ಸಂಭ್ರಮ ಡಾನ್ಚಿಚ್ ಹೋದ ನೋವನ್ನು ಅಳಿಸಲಿಲ್ಲ. ಹೊಸ ಋತುವಿನಲ್ಲಿ ತಂಡ ಮೂರು ಗೆದ್ದು ಎಂಟು ಸೋತಿದ್ದಾಗ, 2025ರ ನವೆಂಬರ್ 11ರಂದು, ಡಾನ್ಚಿಚ್‌ನನ್ನು ಬಿಟ್ಟುಕೊಟ್ಟ ಪ್ರಧಾನ ವ್ಯವಸ್ಥಾಪಕ ನಿಕೊ ಹ್ಯಾರಿಸನ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ತಿಂಗಳುಗಟ್ಟಲೆ ಅದನ್ನೇ ಕೂಗಿ ಕೇಳಿದ್ದ ಪ್ರೇಕ್ಷಕರ ಮುಂದೆ ಆಡುತ್ತಿದ್ದ ಫ್ಲ್ಯಾಗ್‌ಗೆ ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 2027ರಿಂದ 2030ರವರೆಗಿನ ತನ್ನ ಮೊದಲ ಸುತ್ತಿನ ಆಯ್ಕೆಗಳ ಮೇಲಿನ ಹಿಡಿತವನ್ನು ಡಲ್ಲಾಸ್ ಹಳೆಯ ವಿನಿಮಯಗಳಲ್ಲಿ ಆಗಲೇ ಬಿಟ್ಟುಕೊಟ್ಟಿತ್ತು. ಆ ವರ್ಷಗಳಲ್ಲಿ ಅದು ಎಷ್ಟೇ ಸೋತರೂ, ಯಂತ್ರದೊಳಗೆ ಕುಣಿಯುವ ಚೆಂಡುಗಳ ಫಲವನ್ನು ಹೆಚ್ಚಾಗಿ ಉಣ್ಣುವವರು ಬೇರೆಯವರು.